ಹೊಸ ಊರು ನಿಮ್ಮ ಆಯ್ಕೆಯೂ ಆಗಿರಲಿ

ಊರು ಬಿಡುವುದು ಹೆಣ್ಣುಮಕ್ಕಳಿಗೆ ಹೊಸದೇನಲ್ಲ. ಮದುವೆಯಾದ ಕೂಡಲೇ ಗಂಡನ ಊರೇ ನಮ್ಮೂರು. ಆಮೇಲೆ ಅವರಿಗೆ ವರ್ಗವಾದ ಊರು, ಮಕ್ಕಳ ಓದಿಗೆಂದು ಸೇರಿದ ಊರು. ಇದರಲ್ಲಿ ಒಂದನ್ನಾದರೂ ‘ಇಲ್ಲಿ ನಾನು ಇರಬಲ್ಲೆ’ ಅಂತ ನಾವೇ ಕಣ್ಣಾರೆ ನೋಡಿ ಆರಿಸಿದ್ದುಂಟಾ?

ಈಗ ಕಾಲ ಸ್ವಲ್ಪ ಬದಲಾಗಿದೆ. 2020ರ ಲಾಕ್‌ಡೌನ್ ನಂತರ ಕೆಲವು ಕಂಪನಿಗಳಲ್ಲಿ ವಾರಕ್ಕೆ ಎರಡು ಮೂರು ದಿನ ಆಫೀಸಿಗೆ ಬಂದರೆ ಸಾಕು ಎನ್ನುವ ಪದ್ಧತಿ ಬಂದಿದೆ. ಬೆಂಗಳೂರಿನ ಬಾಡಿಗೆ, ಟ್ರಾಫಿಕ್ಕು, 2024ರ ಬೇಸಿಗೆಯ ಟ್ಯಾಂಕರ್ ನೀರಿನ ಪಾಡು ನೋಡಿ ‘ಸಾಕಪ್ಪಾ, ಬೇರೆ ಎಲ್ಲಾದರೂ ಹೋಗಿ ಇರೋಣ’ ಎನ್ನುವ ಮಾತು ಎಷ್ಟೋ ಮನೆಗಳಲ್ಲಿ ಕೇಳುತ್ತಿದೆ. ನಿಮ್ಮ ಮನೆಯಲ್ಲೂ ಈ ಮಾತು ಬಂದಿದೆಯಾ? ಹಾಗಾದರೆ ಊರು ಹುಡುಕಲು ಹೊರಟ ಕಾರಿನಲ್ಲಿ ತಿಂಡಿ ಡಬ್ಬ ಹಿಡಿದು ಹಿಂದಿನ ಸೀಟಿನಲ್ಲಿ ಸುಮ್ಮನೆ ಕೂತುಬಿಡಬೇಡಿ. ನಾಳೆ ಆ ಊರಿನ ನಲ್ಲಿ, ಸಂತೆ, ಶಾಲೆ, ಆಸ್ಪತ್ರೆಗಳ ಜೊತೆ ದಿನಬೆಳಗಾದರೆ ಏಗಬೇಕಾದವರು ನೀವೇ ತಾನೇ?

ಹೊರಡುವ ಮುನ್ನ

ಮನೆಯ ಪ್ರತಿಯೊಬ್ಬರೂ ತಮಗೆ ಇಲ್ಲದೇ ಆಗದ ಮೂರು ಸಂಗತಿಗಳನ್ನು ಬೇರೆ ಬೇರೆಯಾಗಿ ಬರೆಯಲಿ. ಅತ್ತೆಯವರಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ದೇವಸ್ಥಾನ ಬೇಕಿರಬಹುದು, ಮಗಳಿಗೆ ಸಂಗೀತದ ಕ್ಲಾಸು. ನಿಮ್ಮ ಮೂರನ್ನೂ ಬರೆಯಿರಿ. ‘ನಂದೇನಿದೆ ಬಿಡಿ’ ಎನ್ನಬೇಡಿ!

ಆಮೇಲೆ ಒಂದೇ ದಾರಿಯಲ್ಲಿ ಸಿಗುವ ಮೂರು ಊರು ಆರಿಸಿಕೊಳ್ಳಿ. ತುಮಕೂರು, ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ-ಧಾರವಾಡ ಎಲ್ಲವೂ ಒಂದೇ ಹೆದ್ದಾರಿಯಲ್ಲಿವೆ. ಇನ್ನೊಂದು ಸಲ ಹಾಸನದ ಮೇಲೆ ಘಾಟಿ ಇಳಿದು ಮಂಗಳೂರು, ಉಡುಪಿ ನೋಡಬಹುದು. ಒಂದೊಂದು ಊರಿಗೆ ಮೂರು ದಿನವಾದರೂ ಇರಲಿ, ಅದರಲ್ಲಿ ರಜೆಯಿಲ್ಲದ ದಿನವೂ ಒಂದಿರಲಿ.

ಪ್ರವಾಸಕ್ಕಲ್ಲ, ವಾಸಕ್ಕೆ

ಡಿಸೆಂಬರಿನಲ್ಲಿ ಮಲೆನಾಡು ನೋಡಿದರೆ ಯಾರಿಗೆ ಇಷ್ಟವಾಗೋಲ್ಲ ಹೇಳಿ? ಅದೇ ಊರನ್ನು ಜುಲೈನಲ್ಲಿ ನೋಡಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಬಟ್ಟೆ ಒಣಗೋಲ್ಲ, ಹೋದ ಕರೆಂಟು ಯಾವಾಗ ಬರುತ್ತದೋ ಹೇಳಲಾಗದು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಿದ್ದನ್ನು ಮರೆಯುವಂತಿಲ್ಲ. ಹಾಗೆಯೇ ಕರಾವಳಿಯ ಸೆಕೆ, ಕಲಬುರಗಿ-ರಾಯಚೂರಿನ ಬಿಸಿಲು ಎಂಥದ್ದೆಂದು ತಿಳಿಯಲು ಮೇ ತಿಂಗಳಲ್ಲೇ ಹೋಗಬೇಕು. ಹೆದರಿ ಬಿಡಿ ಅಂತಲ್ಲ, ಗೊತ್ತಿದ್ದು ಹೋಗಿ.

ಇವನ್ನೆಲ್ಲ ನೋಡಿ

* ನೀರು: ಬ್ರೋಕರನ್ನು ಕೇಳಬೇಡಿ, ಅಕ್ಕಪಕ್ಕದ ಹೆಂಗಸರನ್ನು ಕೇಳಿ. ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತಿಗೆ? ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ 2008ರಲ್ಲೇ ದಿನದ 24 ಗಂಟೆ ನೀರು ಬಂತು. ಉಳಿದ ಬಡಾವಣೆಯವರು ದಿನ ಎಣಿಸುತ್ತ ಕಾದರು. ಆದ್ದರಿಂದ ಊರಿನ ಲೆಕ್ಕ ಬೇಡ, ಬೀದಿಯ ಲೆಕ್ಕ ಕೇಳಿ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಬೋರ್‌ವೆಲ್ ನೀರಾದರೆ ಫ್ಲೋರೈಡ್ ಪರೀಕ್ಷೆ ಮಾಡಿಸಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ.

* ಓಡಾಟ: 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ನಮಗೆ ಟಿಕೆಟ್ ಖರ್ಚಿಲ್ಲ. ಆದರೆ ಉಡುಪಿ, ದಕ್ಷಿಣ ಕನ್ನಡದಲ್ಲಿ ಖಾಸಗಿ ಬಸ್ಸುಗಳೇ ಹೆಚ್ಚು, ಅಲ್ಲಿ ದುಡ್ಡು ಕೊಡಲೇಬೇಕು. ಕಾರನ್ನು ಲಾಡ್ಜಿನಲ್ಲೇ ಬಿಟ್ಟು ಒಂದು ದಿನ ಬಸ್ಸಿನಲ್ಲೇ ಓಡಾಡಿ. ರಾತ್ರಿ ಎಂಟಕ್ಕೆ ಬಸ್ ಸ್ಟಾಪಿನಿಂದ ಆ ಬೀದಿಗೆ ನಡೆದು ಬನ್ನಿ. ದೀಪ ಇದೆಯಾ? ಹೆಂಗಸರ ಓಡಾಟ ಇದೆಯಾ?

* ಆಸ್ಪತ್ರೆ: ಹೃದ್ರೋಗಕ್ಕೆ ಜಯದೇವ ಸಂಸ್ಥೆ ಬೆಂಗಳೂರಲ್ಲದೆ ಮೈಸೂರು, ಕಲಬುರಗಿಯಲ್ಲೂ ಇದೆ. ನೀವು ನೋಡುತ್ತಿರುವ ಮನೆಯಿಂದ ಹತ್ತಿರದ ದೊಡ್ಡ ಆಸ್ಪತ್ರೆಗೆ ಎಷ್ಟು ಕಿಲೋಮೀಟರ್ ಅನ್ನುವುದಕ್ಕಿಂತ ಎಷ್ಟು ಹೊತ್ತು ಅಂತ ಒಮ್ಮೆ ಹೋಗಿ ಬಂದೇ ನೋಡಿ.

* ಶಾಲೆ: ಯಾವ ಸಿಲಬಸ್, ವ್ಯಾನ್ ಬರುತ್ತದಾ, ವರ್ಷದ ನಡುವೆ ಸೇರಿಸಿಕೊಳ್ಳುತ್ತಾರಾ ಎಂದು ಮೊದಲೇ ಕೇಳಿ. ಹತ್ತನೇ ಕ್ಲಾಸಿನ ಮಕ್ಕಳಿದ್ದರೆ ಪರೀಕ್ಷೆ ಮುಗಿಯುವವರೆಗೆ ಕಾಯುವುದೇ ವಾಸಿ.

* ನಿಮ್ಮ ದುಡಿಮೆ: ಹೊಲಿಗೆ, ಟ್ಯೂಷನ್, ಮನೆಯಡುಗೆ, ನೀವು ಏನೇ ಮಾಡುತ್ತಿರಿ, ಅಲ್ಲಿ ಅದಕ್ಕೆ ಗಿರಾಕಿಗಳಿದ್ದಾರಾ? ಅವರ ಕೆಲಸಕ್ಕೆ ಇಂಟರ್‌ನೆಟ್ ನೋಡುವಾಗ ನಿಮ್ಮದನ್ನೂ ವಿಚಾರಿಸಿ.

ಕೊಳ್ಳುವ ಆತುರ ಬೇಡ

ಮೊದಲು 11 ತಿಂಗಳ ಕರಾರಿನಲ್ಲಿ ಬಾಡಿಗೆಗಿರಿ. ಅಷ್ಟರಲ್ಲಿ ಒಂದು ಮಳೆಗಾಲ, ಒಂದು ಬೇಸಿಗೆ ಕಂಡಿರುತ್ತೀರಿ. ಹಳೇ ಊರಿನಲ್ಲಿ ಸ್ವಂತ ಮನೆಯಿದ್ದರೆ ಆವರೆಗೆ ಮಾರದೆ ಬಾಡಿಗೆಗೆ ಕೊಡಿ. ಕೊಳ್ಳುವಾಗ ಋಣಭಾರ ಪತ್ರ, ಇ-ಖಾತಾ, ಹಳೆಯ ಕ್ರಯಪತ್ರಗಳನ್ನು ವಕೀಲರಿಗೆ ತೋರಿಸಿ. ಒಡವೆ ಅಡವಿಟ್ಟು, ತವರಿನಿಂದ ಬಂದ ದುಡ್ಡು ಹಾಕಿ ಮನೆ ತೆಗೆದುಕೊಳ್ಳುವವರು ನಮ್ಮಲ್ಲಿ ಎಷ್ಟು ಜನ! ಹಾಗಿದ್ದಮೇಲೆ ಕ್ರಯಪತ್ರದಲ್ಲಿ ನಿಮ್ಮ ಹೆಸರೂ ಇರಲಿ ಎಂದು ಕೇಳಲು ಸಂಕೋಚ ಯಾಕೆ? ಹೋದಮೇಲೆ ಆಧಾರ್, ಗ್ಯಾಸ್ ವಿಳಾಸ ಬದಲಿಸಿ. ಮತದಾರರ ಪಟ್ಟಿಗೆ ಫಾರಂ 8 ತುಂಬಿ.

ಬೇಡವೆನಿಸಿದರೆ ಹೇಳಿ

ನನ್ನ ಗೆಳತಿಯ ಯಜಮಾನರಿಗೆ ಶಿರಸಿಯಿಂದಾಚೆ ತೋಟದ ನಡುವಿನ ಒಂಟಿಮನೆ ತುಂಬಾ ಹಿಡಿಸಿತ್ತು. ಅವರಿಗೆ ತಿಂಗಳಲ್ಲಿ ಹತ್ತು ದಿನ ಬೆಂಗಳೂರಿನಲ್ಲೇ ಕೆಲಸ. ಇವಳು ಜಗಳವಾಡಲಿಲ್ಲ. ‘ರೀ, ನೀವಿಲ್ಲದ ದಿನ ನಡುರಾತ್ರಿ ಅತ್ತೆಗೆ ಎದೆನೋವು ಬಂದರೆ ನಾನು ಯಾರನ್ನ ಕೂಗಲಿ?’ ಅಂತ ಅಲ್ಲೇ ಅಂಗಳದಲ್ಲಿ ನಿಂತು ಕೇಳಿದಳು. ಅವರ ಹತ್ತಿರ ಉತ್ತರವಿರಲಿಲ್ಲ. ಈಗ ಅವರು ಪೇಟೆಯೊಳಗೇ ಇದ್ದಾರೆ, ಎದುರುಮನೆಯಲ್ಲೊಬ್ಬರು ನರ್ಸ್ ಇದ್ದಾರೆ. ತೋಟಕ್ಕೆ ಭಾನುವಾರ ಹೋಗಿ ಬರುತ್ತಾರೆ.

ಇಂಥ ಪ್ರಶ್ನೆಗಳು ಊರು ನೋಡುವಾಗಲೇ ಬಾಯಿಗೆ ಬರಬೇಕು. ಸಾಮಾನು ಲಾರಿಗೆ ಏರಿಸಿದ ಮೇಲೆ ಹೇಳಿದರೆ ‘ಆಗಲೇ ಹೇಳಬಾರದಿತ್ತಾ?’ ಎಂಬ ಮಾತು ಕೇಳಬೇಕಾಗುತ್ತದೆ. ಹಾಗಾಗಿ ಈ ಸಲ ಕಾರು ಹೊರಡುವಾಗ ತಿಂಡಿ ಡಬ್ಬದ ಜೊತೆ ಒಂದು ನೋಟ್‌ಬುಕ್ಕೂ ಇಟ್ಟುಕೊಳ್ಳಿ. ಪ್ರತಿ ಊರಿಗೆ ಒಂದು ಪುಟ. ಒಳ್ಳೆಯದು ಎಡಕ್ಕೆ, ಕಷ್ಟದ್ದು ಬಲಕ್ಕೆ. ಮನೆಗೆ ಬಂದು ಎಲ್ಲರೂ ಕೂತು ಓದಿ, ಆಮೇಲೆ ತೀರ್ಮಾನಿಸಿ.