ಚಿಕ್ಕೋಡಿಯ ಅಂಗಳದಲ್ಲಿ ಹ್ಯಾಲೋವೀನ್

ದೀಪಾವಳಿ ಸೂಟಿಗೆ ಪುಣೆಯಿಂದ ಬಂದ ತಮ್ಮನ ಮಕ್ಕಳಿಬ್ಬರು 2025ರ ಅಕ್ಟೋಬರ್ ಕೊನೆಯ ವಾರವೂ ಚಿಕ್ಕೋಡಿಯ ನಮ್ಮ ಮನೆಯಲ್ಲೇ ಇದ್ದರು. “ಅತ್ಯಾ, ಶುಕ್ರವಾರ ಹ್ಯಾಲೋವೀನ್ ಐತಿ, ಇಲ್ಲೇ ಮಾಡೂಣು” ಎಂದು ದೊಡ್ಡವಳು ಬೆನ್ನು ಹತ್ತಿದಳು. ಅಕ್ಕಿ ಹಸನು ಮಾಡುತ್ತ ಕೂತಿದ್ದ ಅವ್ವ, “ಅದ್ಯಾವ ದೇವರ ಹಬ್ಬವಾ?” ಎಂದು ಕೇಳಿದಳು. “ದೇವರದಲ್ಲ ಆಯಿ, ದೆವ್ವದ್ದು” ಎಂದ ಐದು ವರ್ಷದವ. ಅವ್ವನ ಕೈಯ ಮೊರ ಅಲ್ಲೇ ನಿಂತಿತು.

ಆಮೇಲಿನ ಮೂರು ದಿನ ಓಣಿಯವರಿಂದ, ನಿಪ್ಪಾಣಿ ಮತ್ತು ಅಥಣಿಯ ನೆಂಟರಿಂದ ಫೋನಿನಲ್ಲಿ ಕೇಳಿದ ಮಾತುಗಳು ಹಲವು. ಕೆಲವು ಪೂರಾ ತಪ್ಪು, ಕೆಲವು ಅರ್ಧ ಸರಿ. ನಮ್ಮ ಗಡಿ ತಾಲ್ಲೂಕುಗಳ ಬಹಳ ಮನೆಗಳ ಮಕ್ಕಳು ಈಗ ಪುಣೆ, ಬೆಂಗಳೂರಿನಲ್ಲಿ ಓದುತ್ತಾರೆ. ಅವರು ಸೂಟಿಗೆ ಬಂದಾಗ ಹ್ಯಾಲೋವೀನ್ ಮಾಡಬೇಕೇ ಎಂಬ ಪ್ರಶ್ನೆ ಇನ್ನೂ ಎಷ್ಟೋ ಮನೆಯಲ್ಲಿ ಏಳುತ್ತದೆ. ಅಂಥ ಮನೆಯವರಿಗೆ ಉಪಯೋಗವಾಗಲೆಂದು ಆ ಮಾತುಗಳನ್ನು ಒಂದೊಂದಾಗಿ ತೆಗೆದುಕೊಂಡು ಬರೆಯುತ್ತಿದ್ದೇನೆ.

ತಪ್ಪು ಕಲ್ಪನೆ: ಹ್ಯಾಲೋವೀನ್ ಅಂದರೆ ದೆವ್ವದ ಪೂಜೆ

ಹೆಸರಿನ ಅರ್ಥ ಇಷ್ಟೇ: ಸಂತರ ದಿನದ ಹಿಂದಿನ ಸಂಜೆ. ಕ್ರೈಸ್ತರಿಗೆ ನವೆಂಬರ್ 1 ಎಲ್ಲ ಸಂತರ ದಿನ, 2 ತೀರಿಹೋದವರನ್ನು ನೆನೆಯುವ ದಿನ. ಅದಕ್ಕೂ ಹಿಂದೆ ಐರ್ಲೆಂಡಿನ ಕೆಲ್ಟಿಕ್ ಜನ ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಈ ಹೊತ್ತಿನಲ್ಲಿ ಬೆಂಕಿ ಹಾಕಿ ಹಬ್ಬ ಮಾಡುತ್ತಿದ್ದರು. ಸತ್ತವರು ಆ ರಾತ್ರಿ ಮನೆಯ ಕಡೆ ಬಂದು ಹೋಗುತ್ತಾರೆ ಎಂಬ ನಂಬಿಕೆ ಅವರದಾಗಿತ್ತು. 1840ರ ದಶಕದ ಆಲೂಗಡ್ಡೆ ಬರದಲ್ಲಿ ಹೊಟ್ಟೆಗಿಲ್ಲದೆ ಊರು ಬಿಟ್ಟ ಐರಿಷ್ ಜನರ ಜೊತೆ ಈ ಆಚರಣೆ ಅಮೆರಿಕದಲ್ಲಿ ಬೇರು ಬಿಟ್ಟಿತು. ಊರಲ್ಲಿ ಟರ್ನಿಪ್ ಗಡ್ಡೆ ಕೊರೆದು ದೀಪ ಇಡುತ್ತಿದ್ದವರಿಗೆ ಅಲ್ಲಿ ಕುಂಬಳಕಾಯಿ ಸಿಕ್ಕಿತು.

ಅಮಾವಾಸ್ಯೆಗೂ ಇದಕ್ಕೂ ನಂಟಿಲ್ಲ. ತಾರೀಖಿನ ಲೆಕ್ಕದ ದಿನವಾದ್ದರಿಂದ 2024ರಲ್ಲಿ ನರಕ ಚತುರ್ದಶಿಯಂದೇ ಬಂತು. ಮರುವರ್ಷ ನಾವು ಮಾಡಿದಾಗ ಕಾರ್ತಿಕ ಶುದ್ಧ ದಶಮಿಯ ಬೆಳದಿಂಗಳಿತ್ತು. ಇಷ್ಟು ಕೇಳಿದ ಅವ್ವ, “ಅಂದ್ರ ಅವರ ಹಿರಿಯರ ಹಬ್ಬ ಅನ್ನು” ಎಂದಳು.

ತಪ್ಪು ಕಲ್ಪನೆ: ಇಂಥದ್ದು ನಮ್ಮಲ್ಲಿ ಇಲ್ಲವೇ ಇಲ್ಲ

ಈ ಮಾತು ನನಗೆ ಎಲ್ಲಕ್ಕಿಂತ ಹೆಚ್ಚು ನೋವು ತಂದಿತು, ಯಾಕೆಂದರೆ ಹೇಳಿದವರು ಹೆಚ್ಚಾಗಿ ನನ್ನ ವಯಸ್ಸಿನವರು. ಮಹಾಲಯ ಅಮಾವಾಸ್ಯೆಗೆ ತೀರಿಹೋದವರ ಹೆಸರಲ್ಲಿ ಎಡೆ ಹಿಡಿಯುವವರು ನಾವು. ಬಾಗಿಲಿಂದ ಬಾಗಿಲಿಗೆ ಹೋಗುವುದು ಅಮೆರಿಕದ ಮಕ್ಕಳ ಆಟವಷ್ಟೇ ಎನ್ನುವವರು ಜೋಕುಮಾರನನ್ನು ಮರೆತಿದ್ದಾರೆ. ಭಾದ್ರಪದದಲ್ಲಿ ಗಣಪತಿಯ ಬೆನ್ನಿಗೇ ಅವನು ಬರುತ್ತಾನೆ. ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಮಣ್ಣಿನ ಜೋಕುಮಾರ, ಬಾಯಿಗೆ ಬೆಣ್ಣೆ. ಹೊತ್ತು ತಂದ ಹೆಣ್ಣುಮಕ್ಕಳು ಹಾಡುತ್ತಾರೆ, ಮನೆಯವರು ಮೊರದಲ್ಲಿ ಕಾಳು ತಂದು ಹಾಕುತ್ತಾರೆ. ಏಳು ದಿನ ಬಾಳಿ ಹುಣ್ಣಿಮೆಗೆ ಸಾಯುವ ದೇವರು ಅವನು. ಸಾವು, ಬೆಳೆ, ಮನೆಮನೆಯ ಕಾಣಿಕೆ ಒಂದೇ ಬುಟ್ಟಿಯಲ್ಲಿ ಕೂಡಿ ಬರುತ್ತವೆ.

ದೀಪಾವಳಿಯಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳ ಹುಡುಗರು ಆಣೀಪೀಣಿ ಹಾಡುತ್ತ, ದೀಪ ಹಿಡಿದು, ದನಕರುಗಳಿಗೆ ಬೆಳಗುತ್ತ ಮನೆಮನೆಗೆ ಬರುತ್ತಾರೆ. ಹೋಳಿ ಹುಣ್ಣಿಮೆಯ ಮುಂದೆ ಓಣಿಯ ಹುಡುಗರು ಕಟ್ಟಿಗೆ, ಕುಳ್ಳು ಕದಿಯುತ್ತಾರೆ, ಹೋಳಿಯಲ್ಲಿ ಸೋಗು ಹಾಕುತ್ತಾರೆ. ನಿಪ್ಪಾಣಿ, ಬೆಳಗಾವಿ ಕಡೆ ದೀಪಾವಳಿಗೆ ಮಕ್ಕಳು ಅಂಗಳದಲ್ಲಿ ಕೆಸರಿನ ಕಿಲ್ಲಾ ಕಟ್ಟಿ, ಅಳವಿ ಬೀಜ ಚೆಲ್ಲಿ ಹಸಿರು ಬರಿಸುತ್ತಾರೆ. ನಮ್ಮ ಮಕ್ಕಳು ಕಟ್ಟಿದ ಕಿಲ್ಲಾ ಆ ಶುಕ್ರವಾರವೂ ತುಳಸಿಕಟ್ಟೆಯ ಪಕ್ಕ ನಿಂತಿತ್ತು, ಅಳವಿ ಬೆರಳುದ್ದ ಬೆಳೆದಿತ್ತು. ಅಲಂಕಾರಕ್ಕೆ ಬೇರೆ ಜಾಗ ಹುಡುಕಲು ಹೋಗಲಿಲ್ಲ. ಅದರ ಸುತ್ತಲೇ ಹತ್ತು ಪಣತಿ ಇಟ್ಟೆವು.

ತಪ್ಪು ಕಲ್ಪನೆ: ಸಾಮಾನೆಲ್ಲ ಆನ್‌ಲೈನ್‌ನಲ್ಲೇ ತರಿಸಬೇಕು

ಪ್ಲಾಸ್ಟಿಕ್ ಎಲುಬು, ನೈಲಾನ್ ಜೇಡರಬಲೆ, ಒಂದು ಸಲ ತೊಟ್ಟು ಎಸೆಯುವ ಕರಿ ಗೌನು ಯಾವುದೂ ಬೇಡ. ಸಂತೆಯಲ್ಲಿ ಕೆಂಪು ಕುಂಬಳಕಾಯಿ ಸಿಗುತ್ತದೆ. ಅದೂ ಮೂಲದಲ್ಲಿ ಅಮೆರಿಕ ಖಂಡದ್ದೇ. ಬಹಳ ಹಿಂದೆಯೇ ಇಲ್ಲಿಗೆ ಬಂದು ನಮ್ಮದಾಗಿಬಿಟ್ಟಿದೆ. ಕುಂಬಳಕಾಯಿಯ ಮೇಲೆ ಮುಖ ಬರೆಯುವುದೂ ನಮಗೆ ಹೊಸದಲ್ಲ. ಕಟ್ಟುತ್ತಿರುವ ಮನೆಯ ಮುಂದೆ ಕೋರೆಹಲ್ಲು, ಕೆಂಪು ನಾಲಿಗೆ ಬರೆದು ದೃಷ್ಟಿಗೆಂದು ಕಟ್ಟಿದ ಕುಂಬಳಕಾಯಿಯನ್ನು ದಿನಾ ನೋಡುತ್ತೇವೆ.

ಕೊರೆಯುವುದಕ್ಕೆ ಮಾತ್ರ ನಮ್ಮ ಕಾಯಿ ಸ್ವಲ್ಪ ಹಟಮಾರಿ. ಚಪ್ಪಟೆ ಆಕಾರ, ದಪ್ಪ ತಿರುಳು. ಮೇಲಿನ ತೊಟ್ಟು ಕತ್ತರಿಸಬೇಡಿ, ಬುಡವನ್ನು ದುಂಡಗೆ ತೆಗೆಯಿರಿ. ಆಗ ಪಣತಿಯನ್ನು ನೆಲದ ಮೇಲಿಟ್ಟು ಕಾಯಿಯನ್ನು ಟೋಪಿಯಂತೆ ಮುಚ್ಚಬಹುದು. ತೊಟ್ಟಿನ ಪಕ್ಕ ಹೊಗೆ ಹೋಗಲು ಬೆರಳಗಲ ತೂತು ಇರಲಿ. ಕಣ್ಣು ಬಾಯಿ ಕೊರೆಯುವ ಮೊದಲು ಒಳಗಿನ ತಿರುಳನ್ನು ಗಟ್ಟಿ ಚಮಚದಿಂದ ಕೆರೆದು, ಗೋಡೆ ಒಂದು ಬೆರಳಿನಷ್ಟು ತೆಳ್ಳಗಾಗುವವರೆಗೆ ತೆಗೆಯಬೇಕು. ಮುಖವನ್ನು ಮಕ್ಕಳು ಇದ್ದಿಲಿನಿಂದ ಬರೆಯಲಿ, ಚೂರಿ ದೊಡ್ಡವರ ಕೈಯಲ್ಲಿರಲಿ. ಕೊರೆದ ಕಾಯಿ ನಮ್ಮ ಸೆಕೆಗೆ ಎರಡು ದಿನದಲ್ಲಿ ಕೊಳೆಯುತ್ತದೆ, ಆದ್ದರಿಂದ ಆ ದಿನವೇ ಕೊರೆಯಿರಿ.

ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲು ಚೂರಿ ಹಾಕಬಾರದು ಎಂಬ ರೂಢಿ ನಮ್ಮ ಮನೆಯಲ್ಲಿದೆ. ನಾನು ಅದನ್ನು ನಂಬುವುದಿಲ್ಲ. ಆದರೆ ಎಂಬತ್ತರ ಅವ್ವ ಕಣ್ಣೆದುರು ಕೂತಿರುವಾಗ ತಮ್ಮನನ್ನು ಕರೆದು ಮೊದಲ ಏಟು ಹಾಕಿಸಿದೆ. ಆಮೇಲೆ ಅವಳೇ ಬೀಜ ಬಿಡಿಸಲು ಕೂತಳು.

ವೇಷಕ್ಕೆ ಅಜ್ಜನ ಹಳೆಯ ಧೋತರ, ರಟ್ಟಿನ ಮುಖವಾಡ, ಕಂಬಳಿ ಕೊಪ್ಪಿ ಸಾಕು. ಕಂಬಳಿಯನ್ನು ನಾನು ಬೇಕೆಂದೇ ಹೇಳುತ್ತಿದ್ದೇನೆ. ಉಣ್ಣೆಗೆ ಬೆಂಕಿ ಬೇಗ ಹತ್ತುವುದಿಲ್ಲ. ಪಾಲಿಯೆಸ್ಟರ್ ಗೌನಿಗೆ ಕಿಡಿ ಬಿದ್ದರೆ ಬಟ್ಟೆ ಕರಗಿ ಮೈಗೆ ಅಂಟುತ್ತದೆ. ಧೋತರವೂ ಹತ್ತಿಯದು, ಹೊತ್ತಿಕೊಳ್ಳುತ್ತದೆ. ಹಾಗಾಗಿ ಅದನ್ನು ಮೊಳಕಾಲ ಮೇಲಕ್ಕೆ ಕಟ್ಟಿ, ಪಣತಿಗಳನ್ನು ಮಕ್ಕಳ ಕಾಲು ತಾಗದ ಕಡೆ ಇಡಬೇಕು. ಪಕ್ಕದಲ್ಲಿ ಒಂದು ಬಕೆಟ್ ನೀರು ಇರಲೇಬೇಕು. ಮುಖಕ್ಕೆ ಔಡಲೆಣ್ಣೆ ದೀಪದ ಕಾಡಿಗೆ ಕೆನ್ನೆ ಮೇಲೆ ಮಾತ್ರ, ಕಣ್ಣೊಳಗೆ ಬೇಡ. ಬಿಳುಪಿಗೆ ಅಕ್ಕಿಹಿಟ್ಟು ಕಲಸಿ. ದೇವರ ಮನೆಯ ವಿಭೂತಿ, ಚಿಂಚಲಿ ಮಾಯಕ್ಕನ ಭಂಡಾರ ಈ ಆಟಕ್ಕೆ ಸಲ್ಲದು.

ತಪ್ಪು ಕಲ್ಪನೆ: ಅಲಂಕಾರ ಎಷ್ಟು ಭಯಂಕರವೋ ಅಷ್ಟು ಚೆಂದ

ನೆಂಟರ ಹುಡುಗನೊಬ್ಬ ಲಿಂಬೆಹಣ್ಣು ಕೊಯ್ದು ಕುಂಕುಮ ಹಚ್ಚಿ, ಸೂಜಿ ಚುಚ್ಚಿದ ಬಟ್ಟೆಗೊಂಬೆಯ ಜೊತೆ ಬಾಗಿಲಲ್ಲಿ ಇಡೋಣ ಎಂದ. ಅಮೆರಿಕದ ಬೀದಿಯಲ್ಲಿ ಅದು ಬರೀ ಗೊಂಬೆ. ನಮ್ಮ ಕಡೆ ಹಾಗಲ್ಲ. ಬೆಳಿಗ್ಗೆ ಎದ್ದವರ ಹೊಸ್ತಿಲ ಹತ್ತಿರ ಕೊಯ್ದ ಲಿಂಬೆ ಕಂಡರೆ “ಯಾರೋ ಕರಣಿ ಮಾಡ್ಯಾರ” ಎಂಬ ಮಾತು ಹುಟ್ಟುತ್ತದೆ. ಮೈಯಲ್ಲಿ ಜ್ವರ ಇದ್ದ ಮಗುವಿನ ತಾಯಿಗೆ ಅದು ಎಂಥ ಸಂಕಟ ಎಂದು ನೋಡಿದವಳು ನಾನು. ಮಾಟದ ಗುಮಾನಿಯಿಂದ ಮಾತು ಬಿಟ್ಟ ಮನೆಗಳು ವರ್ಷಗಟ್ಟಲೆ ಕೂಡಿಲ್ಲ. ಅಮಾನವೀಯ ಆಚರಣೆ ಮತ್ತು ವಾಮಾಚಾರದ ವಿರುದ್ಧ ರಾಜ್ಯ 2017ರಲ್ಲಿ ಕಾಯ್ದೆ ತಂದದ್ದು ಈ ಭಯ ಇನ್ನೂ ಜೀವಂತವಿರುವುದರಿಂದಲೇ. ಕೊರೆದ ಕಾಯಿಗೆ ಕುಂಕುಮ ಹಚ್ಚಬೇಡಿ. ಆಟ ಮುಗಿದ ಮೇಲೆ ಅದನ್ನು ಕೂಡುರಸ್ತೆಯಲ್ಲಿ ಬಿಡಲೇಬೇಡಿ.

ವೇಷದ ಮಾತೂ ಹಾಗೆಯೇ. ಬಿಳಿ ಸೀರೆ, ಬಿಚ್ಚಿದ ಕೂದಲು ಎಂದರೆ ದೆವ್ವ ಎಂದು ಸಿನಿಮಾ ಕಲಿಸಿದೆ. ಬಿಳಿ ಸೀರೆ ಉಡಬೇಕಾಗಿ ಬಂದ ಎಷ್ಟು ಅಜ್ಜಿಯರು ನಮ್ಮ ಓಣಿಯಲ್ಲೇ ಇದ್ದಾರೆ! ಜಡೆಗಟ್ಟಿದ ಕೂದಲಿನ ವೇಷವೂ ಬೇಡ. ಆ ಜಡೆಯನ್ನು ದೇವಿಯ ಕರೆ ಎಂದು ತಿಳಿದು ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿದ ನೆಲ ಇದು. ದೇವದಾಸಿಯರನ್ನಾಗಿ ಬಿಡುವ ಆ ಪದ್ಧತಿಯನ್ನು ನಿಷೇಧಿಸುವ ಕಾಯ್ದೆ 1982ರದು, ಆ ನೋವು ಉಂಡವರು ಇಂದಿಗೂ ನಮ್ಮ ನಡುವೆ ಬದುಕಿದ್ದಾರೆ. ಹುಲಿ, ಗೂಬೆ, ಬಾವಲಿ, ಹೊಲದ ಬೆದರುಗೊಂಬೆ ಇವುಗಳ ಸೋಗು ಹಾಕಿಸಿ. ನಮ್ಮಲ್ಲಿ ಎಲ್ಲಕ್ಕಿಂತ ಚೆಂದ ಕಂಡದ್ದು ಬೆದರುಗೊಂಬೆ. ಹರಕು ಅಂಗಿ, ತೋಳೊಳಗೆ ಅಡ್ಡ ಕೋಲು, ತಲೆಗೆ ಮಡಿಕೆಯ ಬದಲು ರಟ್ಟಿನ ಡಬ್ಬಿ.

ತಪ್ಪು ಕಲ್ಪನೆ: ಪಾರ್ಟಿ ಅಂದರೆ ರಾತ್ರಿ ಊಟ, ಕೇಕು

ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿಯಲ್ಲಿ ಜೈನ ಕುಟುಂಬಗಳು ಬಹಳ. ಅವರಲ್ಲಿ ಅನೇಕರು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ, ನೆಲದೊಳಗಿನ ಗಡ್ಡೆ ತಿನ್ನುವುದಿಲ್ಲ. ಮಗಳ ಗೆಳತಿ ಬಂದು ಎಲ್ಲರೂ ತಿನ್ನುವುದನ್ನು ನೋಡುತ್ತ ಕೂರಬೇಕಾದರೆ ಅದು ಎಂಥ ಆತಿಥ್ಯ? ಅಕ್ಟೋಬರ್ ಕೊನೆಗೆ ಇಲ್ಲಿ ಆರರ ಸುಮಾರಿಗೆ ಹೊತ್ತು ಮುಳುಗುತ್ತದೆ. ನಾಲ್ಕೂವರೆಗೆ ಮಕ್ಕಳನ್ನು ಕರೆಯಿರಿ, ಐದೂವರೆಯೊಳಗೆ ತಿಂಡಿ ಮುಗಿಸಿ, ಕತ್ತಲಾದ ಮೇಲೆ ದೀಪ, ವೇಷ, ಕತೆ ಇಟ್ಟುಕೊಳ್ಳಿ. ಕೇಕು ತರುವುದಿದ್ದರೆ ಮೊಟ್ಟೆ ಹಾಕದ್ದು ಎಂದು ಕೇಳಿ ತನ್ನಿ.

ನಾವು ಕೇಕು ತರಲಿಲ್ಲ. ಕೆರೆದ ಕುಂಬಳಕಾಯಿ ತಿರುಳೆಲ್ಲ ಗಾರಗಿಯಾಯಿತು. ನಿಪ್ಪಾಣಿಯ ಮರಾಠಿ ಮನೆಗಳಲ್ಲಿ ಇದಕ್ಕೆ ಘಾರಗೆ ಎನ್ನುತ್ತಾರೆ, ರುಚಿ ಒಂದೇ. ತುರಿದ ತಿರುಳಿಗೆ ಅದರ ಅರ್ಧ ಬೆಲ್ಲ ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿ ಆರಲು ಬಿಡಿ. ಏಲಕ್ಕಿ, ಚಿಟಿಕೆ ಉಪ್ಪು, ಒಂದು ಹಿಡಿ ರವೆ ಸೇರಿಸಿ, ಹಿಡಿದಷ್ಟು ಗೋಧಿಹಿಟ್ಟು ಹಾಕಿ ಗಟ್ಟಿಯಾಗಿ ನಾದಿ. ಒಂದು ಹನಿ ನೀರೂ ಹಾಕಬಾರದು, ಕಾಯಿಯ ನೀರೇ ಸಾಕು. ಅರ್ಧ ತಾಸು ಬಿಟ್ಟು, ಎಣ್ಣೆ ಸವರಿದ ಬಾಳೆ ಎಲೆ ಮೇಲೆ ದಪ್ಪಗೆ ತಟ್ಟಿ ನಡು ಉರಿಯಲ್ಲಿ ಕರಿಯಬೇಕು. ಉರಿ ಜೋರಾದರೆ ಬೆಲ್ಲ ಸೀದು ಹೊರಗೆ ಕಪ್ಪು, ಒಳಗೆ ಹಸಿ. ತಟ್ಟಿದ ಮೇಲೆ ದೊಡ್ಡವಳು ಪೆನ್ನಿನ ಮುಚ್ಚಳದಿಂದ ಎರಡು ಕಣ್ಣು, ಚಮಚದ ತುದಿಯಿಂದ ಒಂದು ಬಾಯಿ ತೆಗೆದಳು. ಎಣ್ಣೆಯಲ್ಲಿ ಒಂದೊಂದರ ಬಾಯಿ ಒಂದೊಂದು ಥರ ಸೊಟ್ಟಗಾಯಿತು. ಜೊತೆಗೆ ಹುರಿದ ಕುಂಬಳಬೀಜ, ಚುರಮುರಿ, ಮಜ್ಜಿಗೆ. ಹನ್ನೆರಡು ಮಕ್ಕಳಿಗೆ ಒಂದೇ ಕಾಯಿ ಸಾಕಾಯಿತು.

ತಪ್ಪು ಕಲ್ಪನೆ: ಕತ್ತಲಲ್ಲಿ ಮನೆಮನೆಗೆ ತಿರುಗಿದರೇ ಹ್ಯಾಲೋವೀನ್

ಆ ಹೊತ್ತಿಗೆ ಕಬ್ಬಿನ ಹಂಗಾಮು ಶುರುವಾಗುವ ಕಾಲ. ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್‌ಗಳು ಸಂಜೆಯಿಂದ ರಸ್ತೆಗಿಳಿಯುತ್ತವೆ. ಎಷ್ಟಕ್ಕೋ ಹಿಂದಿನ ದೀಪ ಇರುವುದಿಲ್ಲ. ಕರಿ ಬಟ್ಟೆ ತೊಟ್ಟು ಮುಖವಾಡ ಹಾಕಿದ ಮಗು ಚಾಲಕನಿಗೆ ಕಾಣುವುದಿಲ್ಲ, ಮುಖವಾಡದೊಳಗಿನ ಮಗುವಿಗೆ ಪಕ್ಕದಿಂದ ಬರುವ ಗಾಡಿ ಕಾಣುವುದಿಲ್ಲ. ಓಣಿ ದಾಟಬಾರದು. ಮೊದಲೇ ಮಾತಾಡಿಟ್ಟ ಮೂರ್ನಾಲ್ಕು ಮನೆ ಸಾಕು. ಒಬ್ಬ ದೊಡ್ಡವರು ಬ್ಯಾಟರಿ ಹಿಡಿದು ಜೊತೆಗಿರಲಿ, ಎಲ್ಲರ ಬೆನ್ನಿಗೂ ಬಿಳಿ ಬಟ್ಟೆಯ ತುಂಡು ಹೊಲಿದಿರಲಿ. ಆ ವರ್ಷ ಸಾವಾದ ಮನೆಯ ಬಾಗಿಲು ಬಡಿಯಬಾರದು.

ತಪ್ಪು ಕಲ್ಪನೆ: ಅಂಜಿಸಿದಷ್ಟೂ ಮಜಾ

ಮುಖವಾಡದ ಹಿಂದೆ ಇರುವುದು ತನ್ನ ಅಕ್ಕನೇ ಎಂದು ಗೊತ್ತಿದ್ದರೂ ಸಣ್ಣ ಮಗುವಿಗೆ ಆ ಕ್ಷಣಕ್ಕೆ ಅದು ನಿಜವಾಗಿ ಬೇರೆ ಯಾರೋ. ಅಕ್ಕ ಬಾಗಿಲ ಮರೆಯಿಂದ ಹುಲಿಯಾಗಿ ಹಾರಿದಾಗ ನಮ್ಮ ಐದು ವರ್ಷದವ ಕೂಗಲೂ ಇಲ್ಲ, ಬೀಸುಕಲ್ಲಿನ ಹಿಂದೆ ಹೋಗಿ ಕೂತ. ಅಂಗೈ ತಣ್ಣಗಾಗಿತ್ತು. ಅವ್ವ ಅವನ ಮುಂದೆ ಕೂತು ಆ ಮುಖವಾಡವನ್ನು ತನ್ನ ಮುಖಕ್ಕೆ ನಿಧಾನವಾಗಿ ಹಾಕಿಕೊಂಡಳು, ತೆಗೆದಳು, ಮತ್ತೆ ಹಾಕಿಕೊಂಡಳು. “ನೋಡೋ ತಮ್ಮಾ, ನಾನ ಅದೇನಿ.” ಮೂರನೇ ಸಲಕ್ಕೆ ಅವನೇ ಕೈ ಚಾಚಿ ತೆಗೆದ. ಅಂದಿನಿಂದ ನಮ್ಮಲ್ಲಿ ಒಂದೇ ನೇಮ: ವೇಷ ಎಲ್ಲರ ಮುಂದೆ ಹಾಕಬೇಕು, ಮರೆಯಲ್ಲಿ ಅಲ್ಲ. ದೆವ್ವದ ಕತೆ ಹೇಳುವುದಾದರೆ ಅದು ಮುಗಿಯಬೇಕು. ಅರ್ಧಕ್ಕೆ ಬಿಟ್ಟ ಕತೆ ಮಗುವಿನ ಹಾಸಿಗೆಗೆ ಬರುತ್ತದೆ.

ತಪ್ಪು ಕಲ್ಪನೆ: ಇದನ್ನು ಮಾಡಿದರೆ ರಾಜ್ಯೋತ್ಸವ ಮರೆತಂತೆ

ಈ ಆಕ್ಷೇಪ ಹೇಳಿದವರ ಕಾಳಜಿಗೆ ನನ್ನ ಗೌರವವಿದೆ. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮುಂಬೈ ರಾಜ್ಯದಿಂದ ಕನ್ನಡ ನಾಡಿಗೆ ಸೇರಿತು, ಇದೇ ಜಿಲ್ಲೆಯ ಚಂದಗಡ ತಾಲ್ಲೂಕು ಮಾತ್ರ ಮುಂಬೈ ರಾಜ್ಯದಲ್ಲೇ ಉಳಿಯಿತು. ಗಡಿಯ ನಮಗೆ ಆ ದಿನದ ತೂಕವೇ ಬೇರೆ. ಬೆಳಗಾವಿಯ ಚನ್ನಮ್ಮ ವೃತ್ತದಲ್ಲಿ ಅಕ್ಟೋಬರ್ 31ರ ನಡುರಾತ್ರಿಯೇ ಜನ ಸೇರುತ್ತಾರೆ. ಹಾಗಾಗಿ ಮಕ್ಕಳ ಆಟವನ್ನು ಎಂಟಕ್ಕೆ ಮುಗಿಸಿ ಮಲಗಿಸಿದೆವು.

ಬೆಳಿಗ್ಗೆ ಆರಕ್ಕೆ ದೊಡ್ಡವಳು ಕೆನ್ನೆಯ ಕಾಡಿಗೆ ಪೂರ್ತಿ ಹೋಗದೆಯೇ ಹಳದಿ ಕೆಂಪು ಶಾಲು ಹಾಕಿಕೊಂಡು ಓಣಿಯ ಗೆಳತಿಯರ ಜೊತೆ ಧ್ವಜ ಏರಿಸುವುದನ್ನು ನೋಡಲು ಹೊರಟಳು. ಸಣ್ಣವ ಹಿತ್ತಲಲ್ಲಿದ್ದ. ಕುಂಬಳಕಾಯಿ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಎಮ್ಮೆಯ ಗೋದಲಿಯಲ್ಲಿ ಇಟ್ಟು, ಅದು ಮೊದಲು ಕಣ್ಣು ತಿನ್ನುತ್ತದೋ ಬಾಯಿ ತಿನ್ನುತ್ತದೋ ಎಂದು ಆಯಿಯನ್ನು ಕೇಳುತ್ತಿದ್ದ.