ಹೂತಿಟ್ಟ ಮೋಟಾರೂ ಓಡಿಸಿದ ಮೋಟಾರೂ

ಬೆಲೆಬಾಳುವ ವಸ್ತುವನ್ನು ಉಪಯೋಗಿಸದೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ ಅದು ಚಿರಕಾಲ ಬಾಳುವುದೆಂದು ನಾವೆಲ್ಲರೂ ನಂಬಿರುತ್ತೇವೆ. ಆದರೆ ಮದುವೆಯ ಜರತಾರಿ ಸೀರೆಯನ್ನು ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿಟ್ಟರೆ ಆ ಮಡಿಕೆಯ ಗೆರೆಯಲ್ಲಿಯೇ ಅದು ಬಿರಿದುಹೋಗುವುದೆಂಬುದನ್ನು ನಮ್ಮ ಗೃಹಿಣಿಯರು ಚೆನ್ನಾಗಿ ಬಲ್ಲರು. ಇದೇ ಸತ್ಯವನ್ನು ಅಮೆರಿಕಾ ದೇಶದ ಒಂದು ಪಟ್ಟಣವು ಐವತ್ತು ವರ್ಷ ಕಾದು, ಸಾವಿರಾರು ಜನರ ಎದುರಿನಲ್ಲಿ ಕಲಿತುಕೊಳ್ಳಬೇಕಾಯಿತು. ಆ ಪಾಠವನ್ನು ಕಲಿಸಿದುದು ಒಂದು ಮೋಟಾರು ಗಾಡಿ.

ಒಕ್ಲಹಾಮ ಪ್ರಾಂತವು ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಒಂದಾಗಿ ಸೇರಿದುದು ೧೯೦೭ರಲ್ಲಿ. ಅದರ ಸುವರ್ಣ ಮಹೋತ್ಸವವನ್ನು ೧೯೫೭ರಲ್ಲಿ ಆಚರಿಸುವಾಗ, ಎಣ್ಣೆಯ ಬಾವಿಗಳಿಂದ ಸಿರಿವಂತವಾಗಿದ್ದ ಟಲ್ಸಾ ಪಟ್ಟಣದವರಿಗೆ ಒಂದು ವಿನೋದದ ಯೋಚನೆ ಹೊಳೆಯಿತು. ತಮ್ಮ ಮೊಮ್ಮಕ್ಕಳು ನೂರನೆಯ ವರ್ಷದ ಉತ್ಸವವನ್ನು ಮಾಡುವಾಗ ನೋಡಿ ಸಂತೋಷಪಡಲೆಂದು ಒಂದು ಹೊಚ್ಚಹೊಸ ಮೋಟಾರನ್ನು ನೆಲದಲ್ಲಿ ಹೂತಿಡಬೇಕೆಂದು ಅವರು ನಿಶ್ಚಯಿಸಿದರು. ಅದಕ್ಕಾಗಿ ಆರಿಸಿದ ಗಾಡಿಯು ಪ್ಲಿಮತ್ ಬೆಲ್ವೆಡೀರ್. ಹೊಂಬಣ್ಣವೂ ಬಿಳಿಯ ಬಣ್ಣವೂ ಕೂಡಿದ್ದು, ಹಿಂಬದಿಯಲ್ಲಿ ಮೀನಿನ ಈಜುರೆಕ್ಕೆಗಳಂತೆ ಎತ್ತಿ ನಿಂತ ಅಂಚುಗಳುಳ್ಳದ್ದು. ವರ್ಜಿಲ್ ಎಕ್ಸ್‌ನರ್ ಎಂಬ ಶಿಲ್ಪಿಯ ಮೇಲ್ವಿಚಾರಣೆಯಲ್ಲಿ ರೂಪುಗೊಂಡ ಆ ವರ್ಷದ ಗಾಡಿಗಳನ್ನು ನೋಡಿದರೆ ೧೯೬೦ನೆಯ ಇಸವಿಯೇ ಮುಂಚಿತವಾಗಿ ಬಂದಂತಿದೆಯೆಂದು ಅವುಗಳ ಜಾಹೀರಾತು ಸಾರುತ್ತಿದ್ದಿತು.

೧೯೫೭ನೆಯ ಜೂನ್ ೧೫ರಂದು ಪಟ್ಟಣದ ನ್ಯಾಯಸ್ಥಾನದ ಮುಂದಿನ ಹುಲ್ಲುಗಾವಲಿನಲ್ಲಿ, ಅಣುಬಾಂಬಿನ ಪೆಟ್ಟನ್ನೂ ತಡೆಯಬಲ್ಲುದೆಂದು ಹೇಳಿಕೊಂಡ ಕಾಂಕ್ರೀಟಿನ ನೆಲಮಾಳಿಗೆಯೊಳಕ್ಕೆ, ಚೆನ್ನಾಗಿ ಹೊದಿಸಿ ಸುತ್ತಿದ ಆ ಗಾಡಿಯನ್ನು ಇಳಿಸಿದರು. ಐವತ್ತು ವರ್ಷಗಳ ತರುವಾಯ ಪೆಟ್ರೋಲಿನ ಯಂತ್ರಗಳೇ ಇಲ್ಲವಾಗಿದ್ದರೆ ಗತಿಯೇನೆಂದು ಯೋಚಿಸಿ, ಪೆಟ್ರೋಲನ್ನೂ ಎಂಜಿನ್ ಎಣ್ಣೆಯನ್ನೂ ಜೊತೆಯಲ್ಲಿಟ್ಟರು. ಒಬ್ಬ ಸ್ತ್ರೀಯ ಕೈಚೀಲದಲ್ಲಿ ಇರತಕ್ಕ ಬಾಚಣಿಗೆ, ತುಟಿಯ ಬಣ್ಣ, ಚಿಲ್ಲರೆ ಹಣ ಮುಂತಾದುವನ್ನು ಗಾಡಿಯೊಳಗಿನ ಗೂಡಿನಲ್ಲಿ ಸೇರಿಸಿದರು. ಕಾಗದಪತ್ರಗಳನ್ನೂ ಬಾವುಟವನ್ನೂ ಬೇರೊಂದು ಉಕ್ಕಿನ ಪೀಪಾಯಿಯಲ್ಲಿ ಭದ್ರಪಡಿಸಿದರು. ೨೦೦೭ರಲ್ಲಿ ಪಟ್ಟಣದ ಜನಸಂಖ್ಯೆ ಎಷ್ಟಿರುವುದೆಂದು ಊಹಿಸಿದವರಲ್ಲಿ ಯಾರ ಉತ್ತರವು ಸತ್ಯಕ್ಕೆ ಅತ್ಯಂತ ಸಮೀಪವಾಗಿರುವುದೋ ಅವರಿಗೆ, ಅವರಿಲ್ಲದಿದ್ದರೆ ಅವರ ವಾರಸುದಾರರಿಗೆ, ಗಾಡಿಯು ಸಲ್ಲತಕ್ಕದ್ದೆಂದು ಗೊತ್ತುಮಾಡಿದರು. ಅದರೊಡನೆ ಕೊಡಲೆಂದು ನೂರು ಡಾಲರುಗಳನ್ನು ಬ್ಯಾಂಕಿನಲ್ಲಿ ಠೇವಣಿಯಿಟ್ಟರು.

ಐವತ್ತು ವರ್ಷಗಳು ಕಳೆದುವು. ೨೦೦೭ನೆಯ ಜೂನ್ ತಿಂಗಳಲ್ಲಿ ನೆಲಮಾಳಿಗೆಯ ಮುಚ್ಚಳವನ್ನು ಎತ್ತಿದಾಗ ಒಳಗೆ ನೀರು ನಿಂತಿದ್ದಿತು. ನೀರನ್ನು ಹೊರಹಾಕಿ, ಗಾಡಿಯನ್ನು ಮೇಲಕ್ಕೆತ್ತಿ, ಜೂನ್ ೧೫ರ ಸಂಜೆ ಸಾವಿರಾರು ಜನರು ನೆರೆದ ಸಭಾಭವನದಲ್ಲಿ ಅದರ ಹೊದಿಕೆಯನ್ನು ಬಿಚ್ಚಿದರು. ಕಾಣಿಸಿದುದು ಹೊಂಬಣ್ಣವಲ್ಲ, ಕೆಸರೂ ತುಕ್ಕೂ ಮೆತ್ತಿದ ಕಂದು ಬಣ್ಣದ ಒಂದು ಮೂರ್ತಿ. ಗಾದಿಗಳು ಕೊಳೆತು ಕುಸಿದಿದ್ದುವು. ಯಂತ್ರವು ತುಕ್ಕಿನ ಮುದ್ದೆಯಾಗಿದ್ದಿತು. ಬಿಗಿಯಾಗಿ ಮುಚ್ಚಿದ್ದ ಉಕ್ಕಿನ ಪೀಪಾಯಿಯೊಳಗಿನ ಕಾಗದಗಳೂ ಬಾವುಟವೂ ಮಾತ್ರ ಕೆಡದೆ ಉಳಿದಿದ್ದುವು. ಬ್ಯಾಂಕಿನಲ್ಲಿಟ್ಟ ಹಣವು ಬಡ್ಡಿಯಿಂದ ಬೆಳೆದಿದ್ದಿತು; ನೆಲದಲ್ಲಿಟ್ಟ ಗಾಡಿಯು ನೀರಿನಿಂದ ಕರಗಿದ್ದಿತು. ಜನಸಂಖ್ಯೆಯನ್ನು ಹೆಚ್ಚುಕಡಮೆ ಸರಿಯಾಗಿ ಊಹಿಸಿದ್ದವನು ೧೯೭೯ರಲ್ಲಿಯೇ ತೀರಿಕೊಂಡಿದ್ದುದರಿಂದ, ಗಾಡಿಯು ಅವನ ವೃದ್ಧ ಸೋದರಿಯರ ಪಾಲಿಗೆ ಬಂದಿತು.

ಇಂತಹ ಗಾಡಿಯನ್ನು ಮರಳಿ ಮೊದಲಿನಂತೆ ಮಾಡಲಾಗದೇ ಎಂದು ವಾಚಕರು ಕೇಳಬಹುದು. ಅಮೆರಿಕಾದಲ್ಲಿ ೧೯೫೦ರಿಂದ ೧೯೬೦ರವರೆಗಿನ ಹಳೆಯ ಮೋಟಾರುಗಳನ್ನು ಹುಡುಕಿ ತಂದು ಪುನರುದ್ಧಾರ ಮಾಡುವ ಕುಶಲಿಗಳು ಬಹಳ ಮಂದಿ ಇದ್ದಾರೆ. ಹುಲ್ಲಿನ ಕೊಟ್ಟಿಗೆಯಲ್ಲಿ ಮೂವತ್ತು ವರ್ಷ ಧೂಳು ಹಿಡಿದು ಬಿದ್ದಿದ್ದ ಗಾಡಿಗಳು ಅವರ ಕೈಯಲ್ಲಿ ಪುನಃ ಹೊಳೆದು ರಸ್ತೆಗಿಳಿದಿವೆ. ಅವರು ಮಾಡುವ ಕೆಲಸದ ಕ್ರಮವನ್ನು ಅರಿತರೆ, ಟಲ್ಸಾದ ಗಾಡಿಗೆ ಅದು ಏಕೆ ಒದಗಲಿಲ್ಲವೆಂಬುದು ತಾನಾಗಿಯೇ ತಿಳಿಯುವುದು.

ತಿಳಿದವನು ಹಳೆಯ ಗಾಡಿಯ ಮೇಲಿನ ಬಣ್ಣವನ್ನು ನೋಡಿ ಮರುಳಾಗುವುದಿಲ್ಲ. ಮೊದಲು ನೆಲದ ಮೇಲೆ ಮಲಗಿ ಅದರ ಅಡಿಯನ್ನು ನೋಡುತ್ತಾನೆ. ಆ ಕಾಲದ ಅಮೆರಿಕಾ ಗಾಡಿಗಳಲ್ಲಿ ಸಾಮಾನ್ಯವಾಗಿ ಉಕ್ಕಿನ ಒಂದು ಚೌಕಟ್ಟು ಕೆಳಗಿದ್ದು, ಮೈಯನ್ನು ಅದರ ಮೇಲೆ ಕೂರಿಸಿ ಬಿಗಿದಿರುವರು. ಮನೆಗೆ ತಳಪಾಯವು ಹೇಗೋ ಗಾಡಿಗೆ ಚೌಕಟ್ಟು ಹಾಗೆ. ಅದು ಗಟ್ಟಿಯಾಗಿದ್ದರೆ ಮಿಕ್ಕುದೆಲ್ಲವನ್ನೂ ಸರಿಪಡಿಸಬಹುದು. ತರುವಾಯ ಗಾಡಿಯನ್ನು ಬಿಚ್ಚುವರು. ತೆಗೆದ ಒಂದೊಂದು ತಿರುಪಿಗೂ ಚೀಟಿ ಕಟ್ಟಿ, ಅದು ಇದ್ದ ಸ್ಥಳವನ್ನು ಗುರುತು ಹಾಕಿಡುವರು. ಇದರಲ್ಲಿ ಸೋಮಾರಿಯಾದವನು ಜೋಡಿಸುವಾಗ ತಿಂಗಳುಗಟ್ಟಲೆ ಪಶ್ಚಾತ್ತಾಪಪಡಬೇಕಾಗುವುದು.

ಬಹುಕಾಲ ನಿಂತ ಯಂತ್ರವನ್ನು ಆತುರದಿಂದ ಚಾಲನ ಮಾಡತಕ್ಕದ್ದಲ್ಲ. ಸಿಲಿಂಡರುಗಳೊಳಕ್ಕೆ ಎಣ್ಣೆಯನ್ನು ಬಿಟ್ಟು, ದಿನಗಟ್ಟಲೆ ನೆನೆಯಗೊಟ್ಟು, ಕೈಯಿಂದಲೇ ಮೆಲ್ಲಮೆಲ್ಲನೆ ತಿರುಗಿಸಿ, ಪಿಸ್ಟನ್ನುಗಳು ಅಂಟಿಕೊಂಡಿವೆಯೇ ಎಂದು ಪರೀಕ್ಷಿಸಬೇಕು. ತೊಟ್ಟಿಯಲ್ಲಿ ಉಳಿದ ಹಳೆಯ ಪೆಟ್ರೋಲು ಅಂಟಾದ ಮಡ್ಡಿಯಾಗಿರುವುದು. ರಬ್ಬರಿನ ಕೊಳವೆಗಳು ಮುಟ್ಟಿದರೆ ಮುರಿಯುವುವು. ಆ ಕಾಲದ ಪೆಟ್ರೋಲಿನಲ್ಲಿ ಸೀಸವಿದ್ದು, ಅದು ಯಂತ್ರದ ಕವಾಟಗಳು ಕೂರುವ ಅಂಚುಗಳನ್ನು ಸವೆಯದಂತೆ ಕಾಪಾಡುತ್ತಿದ್ದಿತು. ಜನರ ಆರೋಗ್ಯಕ್ಕೆ ಹಾನಿಕರವೆಂದು ಅಮೆರಿಕಾದಲ್ಲಿ ೧೯೯೬ರಲ್ಲಿ ರಸ್ತೆಯ ಗಾಡಿಗಳಿಗೆ ಅದನ್ನು ಸಂಪೂರ್ಣವಾಗಿ ನಿಷೇಧಿಸಿದರು. ಆದುದರಿಂದ ಹಳೆಯ ಯಂತ್ರವನ್ನು ಬಿಚ್ಚಿದವರು ಗಡುಸಾದ ಲೋಹದ ಅಂಚುಗಳನ್ನು ಕೂರಿಸುವುದು ವಾಡಿಕೆ.

ಮೈಯ ಕೆಲಸವು ಇನ್ನೂ ತಾಳ್ಮೆಯದು. ತುಕ್ಕು ತಿಂದ ಭಾಗವನ್ನು ಒಳ್ಳೆಯ ಲೋಹವು ಸಿಕ್ಕುವವರೆಗೆ ಕತ್ತರಿಸಿ ತೆಗೆದು, ಹೊಸ ತಗಡನ್ನು ಬೆಸೆಯಬೇಕು; ತುಕ್ಕಿನ ಮೇಲೆಯೇ ಬಣ್ಣ ಬಳಿದರೆ ಅದು ಕೆಳಗಿನಿಂದ ಮತ್ತೆ ಉಬ್ಬಿ ಬರುವುದು. ಆಗಿನ ಕಾರ್ಖಾನೆಗಳಲ್ಲಿ ತಗಡಿನ ಸಂದುಗಳನ್ನು ಸೀಸದಿಂದ ತುಂಬಿ ನಯಮಾಡುತ್ತಿದ್ದುದರಿಂದ, ಅದನ್ನು ಕಾಯಿಸುವವರೂ ಉಜ್ಜುವವರೂ ಆ ಹೊಗೆಯೂ ಧೂಳೂ ಒಳಗೆ ಹೋಗದಂತೆ ಎಚ್ಚರವಾಗಿರಬೇಕು. ಕನ್ನಡಿಯಂತೆ ಹೊಳೆಯುವ ಮುಂದಿನ ಹಿಂದಿನ ಅಡ್ಡಪಟ್ಟಿಗಳಿಗೆ ಮೊದಲು ತಾಮ್ರ, ಅದರ ಮೇಲೆ ನಿಕಲ್, ಎಲ್ಲಕ್ಕೂ ಮೇಲೆ ಅತಿ ತೆಳುವಾಗಿ ಕ್ರೋಮಿಯಂ ಲೇಪವನ್ನು ಕೊಡುವರು. ನಮ್ಮಲ್ಲಿ ಕಲಾಯಿ ಹಾಕುವವನು ಪಾತ್ರೆಯ ಕಿಲುಬನ್ನು ಉಜ್ಜಿ ತೆಗೆಯದೆ ತವರವನ್ನು ಮುಟ್ಟುವುದಿಲ್ಲವಷ್ಟೆ? ಇಲ್ಲಿಯೂ ಹಾಗೆಯೇ. ಹೊಳಪು ಇರುವುದು ಮೇಲಿನ ಲೇಪದಲ್ಲಾದರೂ ಅದು ನಿಲ್ಲುವುದು ಕೆಳಗಿನ ಶುದ್ಧಿಯಿಂದ.

ಇಷ್ಟೆಲ್ಲ ಮಾಡುವಾಗ ಒಂದು ಧರ್ಮಸಂಕಟವೂ ಒದಗುವುದು. ಎಷ್ಟನ್ನು ಬದಲಾಯಿಸಬಹುದು? ಬ್ರೇಕಿನ ದ್ರವವು ಒಂದೇ ಮಾರ್ಗದಲ್ಲಿ ಹರಿಯುತ್ತಿದ್ದ ಆ ಗಾಡಿಗಳಲ್ಲಿ ಒಂದು ಕೊಳವೆ ಒಡೆದರೂ ನಾಲ್ಕು ಚಕ್ರಗಳ ಬ್ರೇಕೂ ತಪ್ಪಿಹೋಗುತ್ತಿದ್ದಿತು. ಎರಡು ಪ್ರತ್ಯೇಕ ಮಾರ್ಗಗಳನ್ನು ಅಳವಡಿಸುವುದನ್ನು ಪ್ರಾಣರಕ್ಷಣೆಗಾಗಿ ಬಹುಮಂದಿ ಒಪ್ಪುವರು. ಆದರೆ ೧೯೫೫ರಿಂದ ೧೯೫೭ರವರೆಗಿನ ಷೆವ್ರೊಲೆ ಗಾಡಿಗಳಿಗೆ ಇಡೀ ಮೈಯನ್ನೇ ಹೊಸದಾಗಿ ತಯಾರಿಸಿ ಮಾರುವವರೂ ಇದ್ದಾರೆ. ಮೈಯೂ ಹೊಸದು, ಯಂತ್ರವೂ ಹೊಸದು ಆದ ಮೇಲೆ ಉಳಿದ ಹಳೆಯದು ಯಾವುದು? ಕೆಲವರು ಈ ಸಂಕಟಕ್ಕೆ ಹೆದರಿ, ಬಣ್ಣ ಮಾಸಿದ್ದರೂ ಸರಿ, ಕಾರ್ಖಾನೆಯಿಂದ ಬಂದ ಗುರುತನ್ನು ಅಳಿಸದೆ ಕಾಪಾಡುವುದೇ ಮೇಲೆಂದು ಹೇಳುತ್ತಾರೆ.

ಟಲ್ಸಾದ ಗಾಡಿಗೆ ಈ ಪ್ರಶ್ನೆಯು ತೀವ್ರವಾಗಿ ಬಂದಿತು. ನ್ಯೂ ಜೆರ್ಸಿಯಲ್ಲಿ ತುಕ್ಕು ತೆಗೆಯುವ ದ್ರಾವಣವನ್ನು ತಯಾರಿಸುವವರು ಅದನ್ನು ತರಿಸಿಕೊಂಡು, ವರ್ಷಗಟ್ಟಲೆ ತೊಳೆದು ಶುದ್ಧಮಾಡಿದರು. ಕೆಸರಿನ ಕೆಳಗಿನಿಂದ ಹಳೆಯ ಬಣ್ಣವು ಅಲ್ಲಲ್ಲಿ ಮುಖ ತೋರಿಸಿತು. ಆದರೆ ಚೌಕಟ್ಟಿನ ಸತ್ವವು ಹೋಗಿದ್ದಿತು. ತಗಡು ಕಾಗದದಂತೆ ದುರ್ಬಲವಾಗಿದ್ದಿತು. ಅದನ್ನು ಓಡಿಸಬೇಕಾದರೆ ಎಲ್ಲವನ್ನೂ ಹೊಸದಾಗಿ ಮಾಡಬೇಕು. ಹಾಗೆ ಮಾಡಿದರೆ ಟಲ್ಸಾದವರು ಹೂತ ಗಾಡಿಯು ಅದಾಗಲಾರದು. ಕೊನೆಗೆ ೨೦೧೭ರಲ್ಲಿ ಇಲಿನಾಯ್ ಪ್ರಾಂತದ ರಾಸ್ಕೋ ಎಂಬ ಊರಿನ ವಸ್ತುಸಂಗ್ರಹಾಲಯವು ಅದಕ್ಕೆ ಇದ್ದ ರೂಪದಲ್ಲಿಯೇ ಆಶ್ರಯ ಕೊಟ್ಟಿತು.

ಇದೇ ಕಾಲದ, ಇದೇ ವಂಶದ ಗಾಡಿಗಳ ಇನ್ನೊಂದು ಕಥೆಯು ಕ್ಯೂಬಾ ದ್ವೀಪದಲ್ಲಿದೆ. ೧೯೫೯ರ ಕ್ರಾಂತಿಯ ತರುವಾಯ ಅಮೆರಿಕಾ ಸರ್ಕಾರವು ಆ ದೇಶದೊಡನೆ ವ್ಯಾಪಾರವನ್ನು ಕಡಿಮೆಮಾಡುತ್ತ ಬಂದು, ೧೯೬೨ರಲ್ಲಿ ಅದನ್ನು ಹೆಚ್ಚುಕಡಮೆ ಪೂರ್ಣವಾಗಿ ನಿಲ್ಲಿಸಿತು. ಅಮೆರಿಕಾದ ಹೊಸ ಗಾಡಿಗಳೂ ಬರಲಿಲ್ಲ, ಹಳೆಯವುಗಳಿಗೆ ಬೇಕಾದ ಭಾಗಗಳೂ ಬರಲಿಲ್ಲ. ೨೦೧೧ರವರೆಗೆ ಅಲ್ಲಿಯ ಜನರು ಸ್ವತಂತ್ರವಾಗಿ ಕೊಂಡು ಮಾರಬಹುದಾಗಿದ್ದ ಗಾಡಿಗಳೆಂದರೆ ಕ್ರಾಂತಿಗೆ ಮುಂಚಿನವು ಮಾತ್ರ. ಆದುದರಿಂದ ಹವಾನ ಪಟ್ಟಣದವರು ತಂದೆಯ ಗಾಡಿಯನ್ನು ಮಗನೂ ಮಗನ ಗಾಡಿಯನ್ನು ಮೊಮ್ಮಗನೂ ಓಡಿಸುವಂತೆ ಕಾಪಾಡಿಕೊಂಡರು. ರಷ್ಯಾ ದೇಶದ ಗಾಡಿಗಳ ಯಂತ್ರಗಳನ್ನು ಕೂರಿಸಿದರು. ಸಿಕ್ಕದ ಭಾಗವನ್ನು ಬೀದಿಯ ಕಮ್ಮಟದಲ್ಲಿ ತಾವೇ ಬಡಿದು ಮಾಡಿಕೊಂಡರು. ದೊಡ್ಡ ಬಾದಾಮಿಯೆಂಬ ಅರ್ಥದಲ್ಲಿ ಅವುಗಳಿಗೆ ‘ಅಲ್ಮೆಂದ್ರೋನ್’ ಎಂದು ಹೆಸರಿಟ್ಟರು. ಸಮುದ್ರದ ಉಪ್ಪುಗಾಳಿಯು ಬೀಸುವ ಊರಿನಲ್ಲಿ ತುಕ್ಕಿಗೆ ಸುಗ್ಗಿಯೇ ಸರಿ. ಆದರೂ ಆ ಗಾಡಿಗಳು ಅರವತ್ತು ವರ್ಷಗಳಿಗೂ ಮಿಕ್ಕಿ ಓಡುತ್ತಿವೆ. ಏಕೆಂದರೆ ಇಂದಿನ ಚಿಕ್ಕ ತೂತನ್ನು ಇಂದೇ ನೋಡುವ ಕಣ್ಣು ಅವುಗಳ ಬಳಿಯಲ್ಲಿದೆ. ಶುದ್ಧಾಂಗ ಪುನರುದ್ಧಾರವನ್ನು ಬಯಸುವವನು ಅವುಗಳೊಳಗಿನ ಪರದೇಶದ ಯಂತ್ರವನ್ನು ಕಂಡು ಮುಖ ಸಿಂಡರಿಸಬಹುದು. ಆದರೆ ಅವು ಬದುಕಿವೆ.

ಒಂದು ಕಡೆ ಅತ್ಯಾದರದಿಂದ ಹೂತಿಟ್ಟು ಯಾರೂ ಮುಟ್ಟದ ಗಾಡಿ. ಮತ್ತೊಂದು ಕಡೆ ಬಡತನದಿಂದ ತೇಪೆ ಹಾಕುತ್ತ ದಿನವೂ ದುಡಿಸಿದ ಗಾಡಿ. ಟಲ್ಸಾದವರಿಗೆ ಪ್ರೀತಿಯು ಕಡಿಮೆಯಿರಲಿಲ್ಲ. ಆದರೆ ಅವರು ತಮ್ಮ ಪ್ರೀತಿಯನ್ನೆಲ್ಲ ಒಂದೇ ದಿನದಲ್ಲಿ ತೋರಿಸಿ, ಮೇಲೆ ಮಣ್ಣು ಮುಚ್ಚಿದರು. ನೆಲಮಾಳಿಗೆಯೊಳಕ್ಕೆ ಮೊದಲ ಹನಿಯು ಜಿನುಗಿದ ದಿನ ಒಬ್ಬರು ಇಣಿಕಿ ನೋಡಿದ್ದರೆ ಒಂದು ಬಟ್ಟೆಯಿಂದ ಒರಸಿದ್ದರೂ ಸಾಕಾಗುತ್ತಿದ್ದಿತು. ಐವತ್ತು ವರ್ಷಗಳ ಮೇಲೆ ಅದನ್ನು ಸರಿಪಡಿಸಲು ಯಾವ ಕುಶಲಿಯಿಂದಲೂ ಆಗಲಿಲ್ಲ.

ನಮ್ಮ ಮನೆಗಳಲ್ಲಿಯೂ ಅಟ್ಟದ ಮೇಲೆ, ಪೆಟ್ಟಿಗೆಯ ಅಡಿಯಲ್ಲಿ, ಮಕ್ಕಳಿಗಾಗಿ ಎಂದು ಎತ್ತಿಟ್ಟ ವಸ್ತುಗಳಿಲ್ಲದೆ ಇಲ್ಲ. ಅಜ್ಜಿಯ ಸೀರೆ, ಅಜ್ಜನ ಗಡಿಯಾರ, ಯಾರೂ ನುಡಿಸದ ವೀಣೆ. ವರ್ಷಕ್ಕೊಂದಾವರ್ತಿಯಾದರೂ ಅವುಗಳನ್ನು ಹೊರಗೆ ತೆಗೆದು, ಗಾಳಿಗೆ ಹಾಕಿ, ಮಡಿಕೆಯನ್ನು ಬದಲಾಯಿಸಿ, ಸಾಧ್ಯವಾದರೆ ಉಪಯೋಗಿಸಿ ನೋಡುವುದು ಮೇಲು. ಮೊಮ್ಮಕ್ಕಳಿಗೆ ಕೊಡಬೇಕಾದುದನ್ನು ಅವರ ಕೈಹಿಡಿದು ಬಳಸಲು ಕಲಿಸಿ ಕೊಟ್ಟರೆ, ವಸ್ತುವಿನೊಡನೆ ಅದನ್ನು ಕಾಪಾಡುವ ಕೈಯೂ ಅವರಿಗೆ ದೊರೆತಂತಾಗುವುದು.