ಲಕೋಟೆಯೊಳಗಿನ ಉತ್ತರ

ಅಡುಗೆಮನೆಯಲ್ಲಿ ಅಮ್ಮ ಒಗ್ಗರಣೆ ಹಾಕುತ್ತಿರುವಾಗ, ಹಾಲ್‌ನಲ್ಲಿ ಕುಳಿತ ಹದಿನೇಳರ ಹುಡುಗಿಯನ್ನು ಸರ್ವೆಯವರು ‘ನಿನಗೆ ಲೈಂಗಿಕ ಅನುಭವ ಆಗಿದೆಯೇ?’ ಎಂದು ಕೇಳಿದರೆ ಏನು ಉತ್ತರ ಬಂದೀತು? ‘ಇಲ್ಲ’ ಎಂದೇ. ಆ ‘ಇಲ್ಲ’ ನಿಜವೂ ಇರಬಹುದು, ಇಲ್ಲದೆಯೂ ಇರಬಹುದು. ಹದಿಹರೆಯದವರ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವವರಿಗೆ ಎದುರಾಗುವ ಮೊದಲ ತೊಡಕೇ ಇದು.

ನಮ್ಮ ಮುಂಬೈನ ದೇವನಾರ್‌ನಲ್ಲಿರುವ ಅಂತಾರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ, ಪಾಪ್ಯುಲೇಶನ್ ಕೌನ್ಸಿಲ್ ಜೊತೆ ಸೇರಿ 2006-07ರಲ್ಲಿ ಮಹಾರಾಷ್ಟ್ರ, ತಮಿಳುನಾಡು, ಆಂಧ್ರ ಸೇರಿದಂತೆ ಆರು ರಾಜ್ಯಗಳಲ್ಲಿ ‘ಯೂತ್ ಇನ್ ಇಂಡಿಯಾ’ ಎಂಬ ಅಧ್ಯಯನ ನಡೆಸಿತು. ಮಾತನಾಡಿಸಿದ್ದು ಐವತ್ತು ಸಾವಿರಕ್ಕೂ ಹೆಚ್ಚು ಯುವಜನರನ್ನು. ಎಲ್ಲ ಪ್ರಶ್ನೆ ಮುಗಿದ ಮೇಲೆ ಒಂದು ಕಾರ್ಡು, ಒಂದು ಲಕೋಟೆ ಕೈಗೆ ಬರುತ್ತಿತ್ತು. ಮದುವೆಗೆ ಮುಂಚಿನ ಸಂಬಂಧದ ಪ್ರಶ್ನೆಗೆ ಕಾರ್ಡಿನಲ್ಲಿ ಗುರುತು ಹಾಕಿ, ಅಂಟಿಸಿ ಕೊಡಬೇಕು. ಎದುರು ಕುಳಿತವರಿಗೆ ಅದು ಕಾಣುವುದಿಲ್ಲ. ಬಾಯಲ್ಲಿ ‘ಇಲ್ಲ’ ಎಂದಿದ್ದ ಕೆಲವರು ಲಕೋಟೆಯೊಳಗೆ ‘ಹೌದು’ ಎಂದಿದ್ದರು. ಎರಡನ್ನೂ ಸೇರಿಸಿದಾಗ ಸಿಕ್ಕ ಲೆಕ್ಕ: ಯುವಕರಲ್ಲಿ ಸುಮಾರು 15%, ಯುವತಿಯರಲ್ಲಿ 4%.

ಅಮೆರಿಕದಲ್ಲಿ 1995ರಲ್ಲಿ 15ರಿಂದ 19ರ ಹುಡುಗರ ಸರ್ವೆಯೊಂದರಲ್ಲಿ ಕೆಲವರಿಗೆ ಕಾಗದದ ಪ್ರಶ್ನಾವಳಿ ಕೊಟ್ಟರು, ಉಳಿದವರಿಗೆ ಹೆಡ್‌ಫೋನ್ ಹಾಕಿ ಲ್ಯಾಪ್‌ಟಾಪ್ ಮುಂದೆ ಕೂರಿಸಿದರು. ಸಲಿಂಗ ಸಂಪರ್ಕದ ಅನುಭವವಿದೆ ಎಂದವರು ಕಾಗದದಲ್ಲಿ 1.5%, ಕಂಪ್ಯೂಟರಿನಲ್ಲಿ 5.5%. ಹುಡುಗರು ಅದೇ ವಯಸ್ಸಿನವರು, ಪ್ರಶ್ನೆಯೂ ಅದೇ. ಬದಲಾದದ್ದು ಗುಟ್ಟು ಉಳಿಯುತ್ತದೆ ಎಂಬ ನಂಬಿಕೆ ಮಾತ್ರ. ಸಾಫ್ಟ್‌ವೇರ್‌ನಲ್ಲಿರುವ ನಮಗೆ ಗೊತ್ತಿರುವ ಮಾತೇ: ಒಳಗೆ ಹೋಗುವ ಡೇಟಾ ಸರಿಯಿಲ್ಲದಿದ್ದರೆ ಹೊರಗೆ ಬರುವ ವರದಿಯೂ ಅಷ್ಟೇ.

ಸರಿಯಾಗಿ ಕೇಳಿದರೆ ಏನು ಲಾಭ? ಅಮೆರಿಕದ ಸಿಡಿಸಿ 1991ರಿಂದ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಹೈಸ್ಕೂಲು ಮಕ್ಕಳಿಂದ ಹೆಸರಿಲ್ಲದ ಪ್ರಶ್ನಾವಳಿ ತುಂಬಿಸಿಕೊಳ್ಳುತ್ತಿದೆ. ಲೈಂಗಿಕ ಅನುಭವ ಇದೆ ಎಂದವರು 1991ರಲ್ಲಿ 54%, 2021ರಲ್ಲಿ 30%. ಸಮಾಧಾನದ ಸುದ್ದಿ ಅನ್ನಿಸುತ್ತದೆ, ಅಲ್ಲವೇ? ಆದರೆ ಸಕ್ರಿಯರಾಗಿದ್ದವರಲ್ಲಿ ಕಾಂಡೋಮ್ ಬಳಕೆ 2003ರ 63%ರಿಂದ 2021ಕ್ಕೆ 52%ರ ಆಸುಪಾಸಿಗೆ ಇಳಿದಿತ್ತು. ಅಪಾಯ ಎಲ್ಲಿ ಉಳಿದಿದೆ ಎಂದು ತೋರಿಸುವುದು ಈ ಎರಡನೆಯ ಅಂಕಿ.

ನಮ್ಮಲ್ಲಿ ಕೇಳುವುದೂ ಕಷ್ಟ, ಹೇಳುವುದೂ ಕಷ್ಟ. ಶಾಲೆಗಳಿಗೆ ಬಂದ ಹದಿಹರೆಯ ಶಿಕ್ಷಣ ಕಾರ್ಯಕ್ರಮವನ್ನು 2007ರಲ್ಲಿ ತಡೆದ ರಾಜ್ಯಗಳಲ್ಲಿ ಕರ್ನಾಟಕ, ಮಹಾರಾಷ್ಟ್ರ ಎರಡೂ ಇದ್ದವು. ‘ಹೇಳಿಕೊಟ್ಟರೆ ಮಕ್ಕಳು ಕೆಡುತ್ತಾರೆ’ ಎಂಬ ಭಯ. ಯುನೆಸ್ಕೋ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಇಂಥ ಶಿಕ್ಷಣದಿಂದ ಮಕ್ಕಳು ಬೇಗ ಶುರುಮಾಡುತ್ತಾರೆ ಎಂಬುದಕ್ಕೆ ಆಧಾರ ಸಿಗಲಿಲ್ಲ. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಆರಂಭಿಸಿತು. ಹದಿಹರೆಯದವರಿಗೆಂದೇ ಇರುವ ಕ್ಲಿನಿಕ್‌ಗಳಿಗೆ ಕರ್ನಾಟಕದಲ್ಲಿ ‘ಸ್ನೇಹ’, ಮಹಾರಾಷ್ಟ್ರದಲ್ಲಿ ‘ಮೈತ್ರಿ’ ಎಂಬ ಚೆಂದದ ಹೆಸರುಗಳಿವೆ. ಇನ್ನೊಂದೆಡೆ, 2012ರ ಪೋಕ್ಸೋ ಕಾಯ್ದೆಯಲ್ಲಿ 18ರೊಳಗಿನವರ ಒಪ್ಪಿಗೆಗೆ ಬೆಲೆಯಿಲ್ಲ. ವಿಷಯ ತಿಳಿದ ವೈದ್ಯರೂ ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ರಕ್ಷಣೆಗೆ ಬಂದ ಕಾನೂನು ಅದು, ಬೇಕಾದದ್ದೂ ಹೌದು. ಆದರೆ ಹದಿನೇಳರ ಹುಡುಗಿ ವೈದ್ಯರ ಬಳಿ ಹೋಗಲು ಹಿಂಜರಿದರೆ ಅವಳನ್ನು ತಪ್ಪು ಎನ್ನಲಾಗದು.

ಊರು ಬಿಟ್ಟು ಬಂದ ನಮಗೆ ಇನ್ನೊಂದು ತೊಡಕಿದೆ. ನಮ್ಮ ಮಕ್ಕಳ ಕನ್ನಡ ಮನೆಯೊಳಗಿನ ಕನ್ನಡ. ಊಟ, ಸ್ನಾನ, ಹೋಂವರ್ಕ್‌ಗೆ ಸಾಕಾಗುತ್ತದೆ. ಮುಟ್ಟು, ಗರ್ಭನಿರೋಧಕ, ಸಮ್ಮತಿ ಎನ್ನುವ ಕಡೆಗೆ ನಿಂತುಬಿಡುತ್ತದೆ. ಆಮೇಲೆ ಅವರು ಇಂಗ್ಲಿಷಿನಲ್ಲಿ ಮೊಬೈಲನ್ನು ಕೇಳುತ್ತಾರೆ. ಊರಲ್ಲಾದರೆ ಅಕ್ಕನೋ ಚಿಕ್ಕಮ್ಮನೋ ಇರುತ್ತಿದ್ದರು, ಇಲ್ಲಿನ ಫ್ಲಾಟಿನಲ್ಲಿ ನಾವಿಬ್ಬರೇ.

ಎರಡು ಕೆಲಸವನ್ನಂತೂ ಇಂದಿನಿಂದಲೇ ಮಾಡಬಹುದು. ಆ ಪದಗಳನ್ನು ಪಿಸುಗುಟ್ಟದೆ, ಮಾಮೂಲಿ ದನಿಯಲ್ಲಿ ಮನೆಯಲ್ಲಿ ಆಡುವುದು. ಮತ್ತೆ, ಮುಂದಿನ ಸಲ ವೈದ್ಯರು ‘ನೀವು ಐದು ನಿಮಿಷ ಹೊರಗೆ ಕೂತಿರಿ’ ಎಂದರೆ ಮುಖ ಸಿಂಡರಿಸದೆ ಎದ್ದು ಹೋಗುವುದು. ಒಳಗೆ ಮಗು ಏನು ಹೇಳಿತೆಂದು ನಮಗೆ ಗೊತ್ತಾಗದೇ ಹೋಗಬಹುದು. ಗೊತ್ತಾಗಬೇಕಾದವರಿಗೆ ಗೊತ್ತಾದರೆ ಸಾಕು.